ಬೀಳಬಹುದಾದ ಬೇಲಿ

ಹೆದ್ದಾರಿ ಕಾಮಗಾರಿಗೆ ಇದ್ದ ‘ಹರ್ಡಲ್’ ನಿವಾರಣೆಯಾಯಿತು, ಮಸೂದೆಯ ಹಾದಿಯ ‘ಹರ್ಡಲ್’ ತೆರವಾಯಿತು ಎಂದು ಟಿವಿ ನಿರೂಪಕರು ಹೇಳುವಾಗಲೆಲ್ಲ ಟ್ರ್ಯಾಕಿನ ಬದಿಯಲ್ಲಿ ಕೂತು ಅಭ್ಯಾಸವಾದವರಿಗೆ ಕಿರಿಕಿರಿ. ಹರ್ಡಲನ್ನು ಯಾರೂ ತೆರವು ಮಾಡುವುದಿಲ್ಲ, ಮಾಡಿದರೆ ಸ್ಪರ್ಧೆಯೇ ಉಳಿಯುವುದಿಲ್ಲ. ಇಂಗ್ಲಿಷಿನವರು ಹರ್ಡಲ್ ‘ಕ್ಲಿಯರ್’ ಆಯಿತು ಎಂದರೆ ದಾಟಿದ್ದಾಯಿತು ಎಂದರ್ಥ. ನಾವು ಅದನ್ನು ಗುಡಿಸಿ ಹಾಕಿದ್ದಾಯಿತು ಎಂದುಕೊಂಡು ಕನ್ನಡಕ್ಕೆ ತಂದುಬಿಟ್ಟೆವು. ಕಿತ್ತುಹಾಕಬೇಕಾದದ್ದಕ್ಕೆ, ಒಡೆಯಬೇಕಾದದ್ದಕ್ಕೆ ಅವರಲ್ಲಿ ಬ್ಯಾರಿಯರ್ ಎಂಬ ಬೇರೆ ಪದವಿದೆ. ಹರ್ಡಲ್ ಮಾತ್ರ ಇದ್ದಲ್ಲೇ ಇರುತ್ತದೆ. ಅದರ ಮೇಲಿಂದಲೇ ಹೋಗಬೇಕು, ಹೋದ ಕೂಡಲೇ ಇನ್ನೊಂದು ಎದುರಾಗುತ್ತದೆ. ಈ ವ್ಯತ್ಯಾಸ ನಿಘಂಟಿಗಿಂತ ಚೆನ್ನಾಗಿ ಟ್ರ್ಯಾಕಿನಲ್ಲೇ ಕಾಣುತ್ತದೆ.

ಮೂಲದಲ್ಲಿ ಅದು ಕುರಿಯ ಬೇಲಿ. ಇಂಗ್ಲೆಂಡಿನ ಕುರಿಗಾಹಿಗಳು ಹೇಜಲ್, ವಿಲೋ ಕಡ್ಡಿಗಳನ್ನು ತಟ್ಟಿಯಂತೆ ಹೆಣೆದು, ಇಂದು ಈ ಹೊಲದಲ್ಲಿ, ನಾಳೆ ಆ ಹೊಲದಲ್ಲಿ ನಿಲ್ಲಿಸುತ್ತಿದ್ದರು. ನಮ್ಮ ಕಡೆ ಹೊಲದಲ್ಲಿ ಕುರಿಮಂದೆ ತಂಗಿಸುವಾಗ ಸುತ್ತ ಕಟ್ಟುವ ಬಲೆಯದೂ ಅದೇ ಕೆಲಸ. 19ನೇ ಶತಮಾನದಲ್ಲಿ ಅಲ್ಲಿನ ಹುಡುಗರು ಆ ಬೇಲಿಗಳನ್ನೇ ನೆಲಕ್ಕೆ ನೆಟ್ಟು ಓಟದ ಪಂದ್ಯ ಕಟ್ಟಿದರು. ನೆಟ್ಟ ಬೇಲಿ ಅಲ್ಲಾಡುವುದಿಲ್ಲ. ತಾಗಿದರೆ ಮೊಣಕಾಲಿಗೇ ಸಂಚಕಾರ. ಹಾಗಾಗಿ ಓಡಿಬಂದು, ಜೀವಭಯದಿಂದ ಎತ್ತರಕ್ಕೆ ನೆಗೆದು ಆಚೆ ಇಳಿಯುತ್ತಿದ್ದರು. ಅಮೆರಿಕದ ಆಲ್ವಿನ್ ಕ್ರೇಂಜ್ಲೀನ್ ಮುಂಗಾಲನ್ನು ನೇರ ಚಾಚಿ, ಓಟದ ಓಘ ಮುರಿಯದೆ ದಾಟುವ ಶೈಲಿಯನ್ನು ಜನಪ್ರಿಯಗೊಳಿಸಿದ. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆತ ಗೆದ್ದ ನಾಲ್ಕು ಚಿನ್ನಗಳಲ್ಲಿ ಎರಡು ಹರ್ಡಲ್ಸ್‌ನವು.

ಹರ್ಡಲ್ ಬೀಳಿಸುವುದನ್ನು ಆ ಕಾಲದವರು ತಪ್ಪೆಂದೇ ಎಣಿಸಿದ್ದರು. 1932ರ ಲಾಸ್ ಏಂಜಲೀಸ್‌ನಲ್ಲಿ ಐರ್ಲೆಂಡಿನ ಬಾಬ್ ಟಿಸ್ಡಾಲ್ 400 ಮೀಟರ್ ಹರ್ಡಲ್ಸನ್ನು ಎಲ್ಲರಿಗಿಂತ ಮೊದಲು ಮುಗಿಸಿ ಚಿನ್ನ ಪಡೆದ. ಕೊನೆಯ ಹರ್ಡಲ್ ಉರುಳಿಸಿದ್ದನಾದ್ದರಿಂದ ವಿಶ್ವದಾಖಲೆ ಮಾತ್ರ ಅವನ ಹೆಸರಿಗೆ ಬರಲಿಲ್ಲ. ಅವನ ಹಿಂದೆ ಎರಡನೆಯವನಾಗಿ ಬಂದ ಗ್ಲೆನ್ ಹಾರ್ಡಿನ್‌ಗೆ ಹೋಯಿತು! 1935ರಲ್ಲಿ ಇಂಗ್ಲಿಷ್ ‘ಎಲ್’ ಅಕ್ಷರದ ಆಕಾರದ ಹರ್ಡಲ್ ಬಂತು. ಅದರ ಪಾದಗಳು ಓಡಿಬರುವವರ ಕಡೆ ಚಾಚಿರುವುದರಿಂದ ತಾಗಿದರೆ ಮುಂದಕ್ಕೆ ಮಗುಚುತ್ತದೆ. ಇವತ್ತಿನ ಹರ್ಡಲ್ ಕನಿಷ್ಠ 10 ಕೆ.ಜಿ. ತೂಗಬೇಕು, ಸುಮಾರು 3.6ರಿಂದ 4 ಕೆ.ಜಿ.ಯಷ್ಟು ಒತ್ತಡ ಬಿದ್ದರೆ ಉರುಳಬೇಕು. ಬೇಕೆಂದೇ ಒದೆಯದಿದ್ದರೆ ಹತ್ತನ್ನೂ ಬೀಳಿಸಿ ಗೆಲ್ಲಬಹುದು. ಆದರೆ ತಾಗಿದ ಪ್ರತಿ ಸಲ ಒಂದಿಷ್ಟು ವೇಗ ಸೋರಿಹೋಗುತ್ತದೆ. 1992ರ ಬಾರ್ಸಿಲೋನಾದಲ್ಲಿ ಗೆಲುವಿನ ಹೊಸ್ತಿಲಲ್ಲಿದ್ದ ಗೇಲ್ ಡೆವರ್ಸ್ ಹತ್ತನೇ ಹರ್ಡಲಿಗೆ ಎಡವಿ ಐದನೆಯವಳಾದಳು.

ಸ್ಟೀಪಲ್‌ಚೇಸ್‌ನಲ್ಲಿ ಕತೆ ಬೇರೆ. ಅವಿನಾಶ್ ಸಾಬ್ಳೆ ಎದುರಿಸುವ 91.4 ಸೆಂ.ಮೀ. ಎತ್ತರದ ದಪ್ಪ ಮರದ ತೊಲೆ ಜಪ್ಪಯ್ಯ ಎಂದರೂ ಬೀಳದು. ಬೇಕಾದರೆ ಅದರ ಮೇಲೆ ಕಾಲಿಟ್ಟೇ ಹೋಗಬಹುದು, ನಿಯಮದಲ್ಲಿ ಅವಕಾಶವಿದೆ. ಅದನ್ನು ಇಂಗ್ಲಿಷಿನಲ್ಲಿ ಬ್ಯಾರಿಯರ್ ಎನ್ನುವುದು ಸುಮ್ಮನೆ ಅಲ್ಲ.

ಈಗ ನನ್ನ ಮೆಚ್ಚಿನ ಜಗಳಕ್ಕೆ ಬರುತ್ತೇನೆ. ವೀಕ್ಷಕ ವಿವರಣೆಯವರು ‘ಎಷ್ಟು ಚೆನ್ನಾಗಿ ಹಾರಿದರು ನೋಡಿ’ ಎನ್ನುತ್ತಾರೆ. ಚೆನ್ನಾಗಿ ಹಾರಿದವನು ಸೋಲುತ್ತಾನೆ! ಗಾಳಿಯಲ್ಲಿದ್ದಷ್ಟು ಹೊತ್ತು ನೆಲವನ್ನು ತಳ್ಳಲು ಕಾಲಿಲ್ಲ, ವೇಗ ಹುಟ್ಟುವುದಿಲ್ಲ. ಪುರುಷರ 110 ಮೀಟರ್ ಓಟದ ಹರ್ಡಲ್ 106.7 ಸೆಂ.ಮೀ. ಎತ್ತರ, ಸೊಂಟಕ್ಕಿಂತ ಮೇಲೆ. ಆದರೂ ಒಳ್ಳೆಯ ಓಟಗಾರನ ತಲೆಯನ್ನಷ್ಟೇ ನೋಡುತ್ತಿದ್ದರೆ ಅದು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಸಾಗುತ್ತದೆ. ಎದೆ ತೊಡೆಯ ಮೇಲೆ ಬಾಗಿ, ಹಿಂಗಾಲು ಮಡಚಿಕೊಂಡು ಪಕ್ಕದಿಂದ ಸುತ್ತಿ ಬಂದು, ಇಳಿಯುವಷ್ಟರಲ್ಲಿ ಮುಂದಿನ ಹೆಜ್ಜೆಯಾಗಿರುತ್ತದೆ. ಎರಡು ಹರ್ಡಲುಗಳ ನಡುವಿನ 9.14 ಮೀಟರಿಗೆ ಮೂರೇ ಹೆಜ್ಜೆ. ಉದ್ದ ಕಾಲಿನವನಿಗೂ ಮೂರು, ಗಿಡ್ಡನಿಗೂ ಮೂರು. ಮೊದಲ ಹರ್ಡಲಿನ ತನಕದ 13.72 ಮೀಟರಿಗೆ ಬಹಳ ಕಾಲ ಎಂಟು ಹೆಜ್ಜೆಯೇ ವಾಡಿಕೆಯಾಗಿತ್ತು. ಆರೀಸ್ ಮೆರಿಟ್ ಅದನ್ನು ಏಳಕ್ಕೆ ಇಳಿಸಿಕೊಂಡು, 2012ರಲ್ಲಿ ಬ್ರಸೆಲ್ಸ್‌ನಲ್ಲಿ 12.80 ಸೆಕೆಂಡಿನ ವಿಶ್ವದಾಖಲೆ ಬರೆದ. ನಮ್ಮಲ್ಲಿ ಈ ಲಯವನ್ನು ಸವಿಯಬೇಕೆಂದರೆ ವಿಶಾಖಪಟ್ಟಣದ ಜ್ಯೋತಿ ಯರ್ರಾಜಿಯ 100 ಮೀಟರ್ ಓಟಗಳನ್ನು ನೋಡಿ. 13 ಸೆಕೆಂಡಿನ ಒಳಗೆ ಬಂದ ಮೊದಲ ಭಾರತೀಯಳು ಆಕೆ.

400 ಮೀಟರ್ ಹರ್ಡಲ್ಸ್‌ನದು ಲೆಕ್ಕದ ಕಷ್ಟ. ಹರ್ಡಲುಗಳ ನಡುವೆ 35 ಮೀಟರ್. ಭೌತಶಾಸ್ತ್ರ ಓದಿದ ಎಡ್ವಿನ್ ಮೋಸೆಸ್ ಅಲ್ಲಿ ಮೊದಲಿಂದ ಕೊನೆಯವರೆಗೂ 13 ಹೆಜ್ಜೆಯನ್ನೇ ಹಿಡಿದ. ಉಳಿದವರು ದಣಿದಂತೆ 14, 15ಕ್ಕೆ ಇಳಿಯುತ್ತಿದ್ದರು. 1977ರಿಂದ 1987ರವರೆಗೆ ಸತತ 122 ಓಟಗಳಲ್ಲಿ ಅವನಿಗೆ ಸೋಲಿಲ್ಲ. ಹೆಜ್ಜೆಗಳ ಸಂಖ್ಯೆ ಬೆಸವಾಗಿದ್ದರೆ ಪ್ರತಿ ಸಲ ಅದೇ ಕಾಲು ಮುಂದೆ ಬರುತ್ತದೆ, ಸಮವಾದರೆ ಕಾಲು ಬದಲಾಗುತ್ತದೆ. ತಿರುವಿನಲ್ಲಿ ಎಡಗಾಲು ಮುಂದಿಡುವವರಿಗೆ ಲಾಭ, ಏಕೆಂದರೆ ಲೇನಿನ ಒಳಅಂಚಿಗೆ ಅಂಟಿಕೊಂಡೇ ಓಡಬಹುದು. ಬಲಗಾಲಿನವರು ಅಷ್ಟು ಒಳಗೆ ಬಂದರೆ ಹಿಂದುಳಿದ ಎಡಗಾಲು ಹರ್ಡಲಿನ ಹೊರಗೆ ಜಾರಿ, ಅನರ್ಹರಾಗುವ ಅಪಾಯ.

ಮಹಿಳೆಯರಿಗೆ ಈ ಸ್ಪರ್ಧೆ ಒಲಿಂಪಿಕ್ಸ್‌ನಲ್ಲಿ ಸಿಕ್ಕಿದ್ದೇ 1984ರಲ್ಲಿ. ಆ ಮೊದಲ ಫೈನಲ್‌ನಲ್ಲೇ ಪಿ.ಟಿ. ಉಷಾ 55.42 ಸೆಕೆಂಡಿಗೆ ನಾಲ್ಕನೆಯವರಾದರು. ಕಂಚು ಗೆದ್ದ ರುಮೇನಿಯಾದ ಕೊಜೊಕಾರು 55.41. ಆ ಸೆಕೆಂಡಿನ ನೂರನೇ ಒಂದು ಭಾಗದ ಬಗ್ಗೆ ನಾವು ಅತ್ತದ್ದೇ ಹೆಚ್ಚು, 55.42ರ ಗುಣವನ್ನು ಮೆಚ್ಚಿದ್ದು ಕಡಿಮೆ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇದೇ ಓಟದ ಚಿನ್ನ ಗೆದ್ದ ಕುಂದಾಪುರ ಕಡೆಯ ಅಶ್ವಿನಿ ಅಕ್ಕುಂಜಿಯೂ ಆ ಸಮಯವನ್ನು ಮುಟ್ಟಲಿಲ್ಲ. 2023ರಲ್ಲಿ ಹಾಂಗ್‌ಝೌನ ಹೀಟ್ಸ್‌ನಲ್ಲಿ ವಿದ್ಯಾ ರಾಮರಾಜ್ ಓಡಿದ್ದು ಎಷ್ಟಕ್ಕೆ ಗೊತ್ತೇ? ಸರಿಯಾಗಿ 55.42.

ಮುಂದಿನ ಸಲ ಕಂಠೀರವದಲ್ಲಿ ಕೂಟ ನಡೆದಾಗ ಮುಕ್ತಾಯದ ಗೆರೆಯ ಎದುರಿನ ಸೀಟಿಗೆ ಮುಗಿಬೀಳಬೇಡಿ. ಎರಡನೇ ತಿರುವು ಮುಗಿಯುವಲ್ಲಿ, ಎಂಟನೇ ಹರ್ಡಲಿನ ಬಳಿ ಕೂರಿ. ಹೆಜ್ಜೆಯ ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಅಲ್ಲೇ. ಹರ್ಡಲಿಗೆ ಮುಂಚಿನ ಎರಡು ಹೆಜ್ಜೆ ಚಿಕ್ಕದಾಗಿ, ತಡವರಿಸಿದಂತೆ ಬಿದ್ದರೆ ಆ ಓಟಗಾರ್ತಿಯನ್ನು ಬಿಟ್ಟು ಪಕ್ಕದ ಲೇನಿನವಳ ಕಡೆ ಕಣ್ಣು ಹಾಯಿಸಿ.