ನಡುವಿನ ಕಸರತ್ತು: ಲಾಕ್ರಾಸ್ ತರಬೇತಿಯ ಒಂದು ವಿಮರ್ಶೆ

ಲಾಕ್ರಾಸ್ ಕೋಲಿನ ತುದಿಯ ಬಲೆಯಲ್ಲಿ ಕೂರುವ ಚೆಂಡಿನ ತೂಕ ಸುಮಾರು 145 ಗ್ರಾಂ. ನುರಿತ ಪುರುಷ ಆಟಗಾರರು ಅದನ್ನು ಗಂಟೆಗೆ 160 ಕಿಲೋಮೀಟರ್‌ಗೂ ಮೀರಿದ ವೇಗದಲ್ಲಿ ಗೋಲಿನತ್ತ ಎಸೆಯುತ್ತಾರೆ. ಆ ವೇಗಕ್ಕೆ ಬೇಕಾದ ಬಲವನ್ನು ತೋಳೊಂದೇ ಕೊಡಲಾರದು. ನೆಲವನ್ನು ಒತ್ತುವ ಪಾದದಲ್ಲಿ ಹುಟ್ಟಿದ ಬಲ ತೊಡೆ, ಸೊಂಟ, ನಡು, ಭುಜಗಳನ್ನು ಹಾದು ಕೋಲಿಗೆ ಬರುತ್ತದೆ. ನಡು ಸಡಿಲವಿದ್ದರೆ ಕಾಲಿನ ಬಲ ಅಲ್ಲೇ ಸೋರಿಹೋಗುತ್ತದೆ. ಕೊರತೆ ತುಂಬಲು ಹೆಣಗಿದ ಭುಜ ನೋವಿಗೆ ಬೀಳುತ್ತದೆ.

ನಡು ಅಥವಾ ಕೋರ್ ಎಂದರೆ ಹೊಟ್ಟೆಯ ಮೇಲೆ ಕಾಣುವ ಗಂಟುಗಳೆಂದು ಜಿಮ್‌ಗಳಲ್ಲಿ ತಿಳಿಯುವುದುಂಟು. ವಾಸ್ತವದಲ್ಲಿ ಅದೊಂದು ಪೀಪಾಯಿಯಂತೆ: ಮುಂದೆ ಹೊಟ್ಟೆಯ ಸ್ನಾಯು, ಎರಡೂ ಪಕ್ಕಗಳಲ್ಲಿ ಓರೆ ಸ್ನಾಯು, ಹಿಂದೆ ಬೆನ್ನಿನ ಸ್ನಾಯು, ಮೇಲೆ ವಪೆ, ತಳದಲ್ಲಿ ಕಿಬ್ಬೊಟ್ಟೆಯ ಕೆಳಗಿನ ಸ್ನಾಯುಪದರ. ಆಟದ ಹೊತ್ತಿನಲ್ಲಿ ಇದರ ಮುಖ್ಯ ಕೆಲಸ ಬೆನ್ನನ್ನು ಬಾಗಗೊಡದೆ ಬಿಗಿಹಿಡಿಯುವುದು. ಸೊಂಟದ ಭಾಗದ ಬೆನ್ನೆಲುಬಿನ ಮಣಿಗಳು ಒಂದರ ಮೇಲೊಂದು ಒಂದೆರಡು ಡಿಗ್ರಿಗಿಂತ ಹೆಚ್ಚು ತಿರುಗಲಾರವು. ಎಸೆತಕ್ಕೆ ಬೇಕಾದ ತಿರುವು ತೊಡೆಯ ಕೀಲಿನಿಂದ, ಎದೆಯ ಭಾಗದ ಬೆನ್ನಿನಿಂದ ಬರಬೇಕು.

ಈ ಅಳತೆಗೋಲಿನಿಂದ ನೋಡಿದರೆ ಮೈದಾನಗಳಲ್ಲಿ ಇಂದಿಗೂ ನಡೆಯುವ ಸಿಟ್‌ಅಪ್‌ನ ಬೆಲೆ ಕಡಿಮೆಯೇ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಅವರ ಅಳತೆಯ ಪ್ರಕಾರ ಒಂದೊಂದು ಸಿಟ್‌ಅಪ್ ಬೆನ್ನಿನ ಮೇಲೆ ಸುಮಾರು 3,300 ನ್ಯೂಟನ್, ಅಂದರೆ ಮುನ್ನೂರು ಕಿಲೋಗೂ ಮೀರಿದ ಒತ್ತಡ ಹಾಕುತ್ತದೆ. ಬೆನ್ನನ್ನು ಒತ್ತಡದಲ್ಲಿಟ್ಟು ಸಾವಿರಾರು ಸಲ ಬಾಗಿಸಿದರೆ ಡಿಸ್ಕ್ ಹಿಂಬದಿಗೆ ಉಬ್ಬುವುದನ್ನು ಅವರ ಪ್ರಯೋಗಾಲಯ ಹಂದಿಯ ಬೆನ್ನೆಲುಬಿನಲ್ಲಿ ತೋರಿಸಿತು. ಜೀವಂತ ಮನುಷ್ಯನ ಬೆನ್ನು ಚೇತರಿಸಿಕೊಳ್ಳಬಲ್ಲದಾದ್ದರಿಂದ ಆ ಫಲಿತಾಂಶವನ್ನು ಹಾಗೇ ಎತ್ತಿ ಆಟಗಾರರಿಗೆ ಅನ್ವಯಿಸಲಾಗದು. ಸಿಟ್‌ಅಪ್ ಮಾಡಿದವರೆಲ್ಲ ಬೆನ್ನು ಕೆಡಿಸಿಕೊಂಡಿಲ್ಲ. ಆದರೆ ಅಪಾಯ ತೆತ್ತು ಪಡೆಯುವ ಲಾಭವೇ ಇಲ್ಲಿ ಚಿಕ್ಕದು. ಅಮೆರಿಕದ ನೌಕಾಪಡೆ 2021ರಲ್ಲಿ ದೇಹದಾರ್ಢ್ಯ ಪರೀಕ್ಷೆಯಿಂದ ಇಂಥ ಕಸರತ್ತನ್ನು ತೆಗೆದು, ಮೈಯನ್ನು ಹಲಗೆಯಂತೆ ನೆಟ್ಟಗೆ ಹಿಡಿದಿಡುವ ಪ್ಲ್ಯಾಂಕ್ ಇಟ್ಟಿತು. ಕುಳಿತು, ಬೆನ್ನು ಬಾಗಿಸಿ, ತೂಕ ಹಿಡಿದು ಎಡಬಲಕ್ಕೆ ತಿರುಚುವ ರಷ್ಯನ್ ಟ್ವಿಸ್ಟ್ ಇನ್ನೂ ಕೆಟ್ಟದ್ದು: ಸೊಂಟ ನೆಲಕ್ಕೆ ಕಚ್ಚಿಕೊಂಡಿರುವುದರಿಂದ ತಿರುವಿನ ಹೊರೆ ತಿರುಗಲಾರದ ಮಣಿಗಳ ಮೇಲೆ ಬೀಳುತ್ತದೆ.

ಬಿಗಿಯುವ ವಿದ್ಯೆಯ ಒಳ್ಳೆಯ ಪಾಠ ಬೆಂಗಳೂರಿನ ವಿಮಾನಪುರದಲ್ಲೇ ಇದೆ. ಅಲ್ಲಿರುವ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ಯುದ್ಧವಿಮಾನದ ಪೈಲಟ್‌ಗಳನ್ನು ಗಿರಗಿರ ತಿರುಗುವ ಸೆಂಟ್ರಿಫ್ಯೂಜ್‌ನಲ್ಲಿ ಕೂರಿಸಿ, ಗುರುತ್ವದ ಹಲವು ಪಟ್ಟು ಭಾರ ತಾಳುವುದನ್ನು ಕಲಿಸುತ್ತಾರೆ. ಕಾಲು, ಪೃಷ್ಠ, ಹೊಟ್ಟೆಗಳನ್ನು ಒಟ್ಟಿಗೆ ಬಿಗಿದು, ಗಂಟಲು ಮುಚ್ಚಿ ಉಸಿರನ್ನು ಒತ್ತಿಹಿಡಿದು, ಸುಮಾರು ಮೂರು ಸೆಕೆಂಡಿಗೊಮ್ಮೆ ಚಟ್ಟನೆ ಉಸಿರು ಬದಲಿಸಬೇಕು. ತಪ್ಪಿದರೆ ರಕ್ತ ಕಾಲಿಗಿಳಿದು ಕಣ್ಣು ಮಂಜಾಗುತ್ತದೆ. ಅಲ್ಲಿನ ಉದ್ದೇಶ ಮೆದುಳಿಗೆ ರಕ್ತ ಉಳಿಸುವುದು; ಆದರೂ ಪೀಪಾಯಿಯನ್ನು ಸುತ್ತಲೂ ಏಕಕಾಲಕ್ಕೆ ಬಿಗಿಯುವ ಕ್ರಮ ಅದೇ. ಲಾಕ್ರಾಸ್ ಆಟಗಾರನಿಗೆ ಆ ಬಿಗಿ ಎಸೆಯುವ, ಡಿಕ್ಕಿ ತಾಳುವ ಕ್ಷಣಕ್ಕಷ್ಟೇ ಸಾಕು. ಉಸಿರು ಹಿಡಿದೇ ಓಡುವ ಅಭ್ಯಾಸ ಬಿಡಿಸಬೇಕು. ಅಧಿಕ ರಕ್ತದೊತ್ತಡ ಇರುವವರಿಗಂತೂ ಉಸಿರು ಬಿಗಿಹಿಡಿಯುವುದು ಸಲ್ಲದು.

ಗರಡಿಮನೆಯ ಸಾಮನ್ನು ಹಳೆಯದೆಂದು ತಳ್ಳಿಹಾಕುವುದು ದೊಡ್ಡ ನಷ್ಟ. ದಂಡ, ಬಸ್ಕಿಗಳಲ್ಲಿ ಬಸ್ಕಿ ಕಾಲಿಗೆ ಒಳ್ಳೆಯದು. ದಂಡದಲ್ಲಿ ಬೆನ್ನು ಅಲೆಯಂತೆ ಏಳುತ್ತ ಬೀಳುತ್ತದೆ. ದಿನವಿಡೀ ಬಾಗಿ ಚೆಂಡು ಎತ್ತುವವರು ಅದನ್ನು ನೂರುಗಟ್ಟಲೆ ಹೊಡೆಯಬೇಕಿಲ್ಲ. ಗರಡಿಯ ನಿಜವಾದ ಕೊಡುಗೆ ಗದೆ. ಉದ್ದನೆಯ ಹಿಡಿ, ತುದಿಯಲ್ಲಿ ಭಾರ, ಹಿಡಿಯ ಮೇಲೆ ಎರಡೂ ಕೈ: ಲಾಕ್ರಾಸ್ ಕೋಲಿಗೆ ಇದಕ್ಕಿಂತ ಹತ್ತಿರದ ಸಲಕರಣೆ ಜಿಮ್‌ನಲ್ಲಿ ಸಿಗದು. ಗದೆ ಭುಜದ ಮೇಲಿಂದ ಬೆನ್ನ ಹಿಂದೆ ಇಳಿದಾಗ ಭಾರ ಮೈಯನ್ನು ಹಿಂದಕ್ಕೂ ಪಕ್ಕಕ್ಕೂ ಎಳೆಯುತ್ತದೆ. ಪಕ್ಕೆಲುಬು ಮೇಲೇಳದಂತೆ, ಸೊಂಟ ಕುಸಿಯದಂತೆ ಹಿಡಿದು ನಿಂತವರಿಗೆ ಮಾತ್ರ ಅದು ಇನ್ನೊಂದು ಭುಜಕ್ಕೆ ಸಲೀಸಾಗಿ ಬರುತ್ತದೆ. ಎರಡು ಮೂರು ಕಿಲೋದಿಂದ ಶುರುಮಾಡಿ, ಬಲಕ್ಕೆಷ್ಟೋ ಎಡಕ್ಕೂ ಅಷ್ಟೇ ತಿರುಗಿಸಬೇಕು. ಒಂದೇ ಕಡೆಯಿಂದ ಎಸೆದು ಮೈ ವಾಲಿಸಿಕೊಂಡ ಆಟಗಾರನಿಗೆ ಈ ಸಮತೋಲವೇ ಮದ್ದು.

ಗದೆ ಹಿಡಿಯುವ ಮೊದಲು ಬುನಾದಿ ಬೇಕು. ಮೆಕ್‌ಗಿಲ್ ಸೂಚಿಸುವ ಮೂರು ಕಸರತ್ತುಗಳು ಅದಕ್ಕೆ ಸಾಕು: ಸೊಂಟದ ಕೆಳಗೆ ಅಂಗೈ ಇಟ್ಟು ತಲೆ, ಭುಜ ಮಾತ್ರ ತುಸು ಎತ್ತುವುದು, ಸೈಡ್ ಪ್ಲ್ಯಾಂಕ್, ಮಂಡಿ, ಅಂಗೈ ನೆಲಕ್ಕೂರಿ ಎಡಗೈ ಬಲಗಾಲು, ಬಲಗೈ ಎಡಗಾಲು ಚಾಚುವುದು. ಪ್ರತಿ ಹಿಡಿತ ಹತ್ತು ಸೆಕೆಂಡಿಗೆ ಮೀರದೆ, ಆವೃತ್ತಿ ಎಂಟು, ಆರು, ನಾಲ್ಕಕ್ಕೆ ಇಳಿಯುತ್ತದೆ. ಮೂರು ನಿಮಿಷ ನಡುಗುತ್ತ ಪ್ಲ್ಯಾಂಕ್ ಹಿಡಿಯುವ ಪಂದ್ಯಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ದಣಿದ ನಡು ತಪ್ಪು ಭಂಗಿಯನ್ನೇ ಕಲಿಯುತ್ತದೆ. ಮುಂದಿನ ಹಂತದಲ್ಲಿ ಒಂದೇ ಕೈಯಲ್ಲಿ ತುಂಬಿದ ಬಕೆಟ್ ಹಿಡಿದು ವಾಲದೆ ನಡೆಯುವುದು, ಪಕ್ಕದಿಂದ ಎಳೆಯುವ ರಬ್ಬರ್ ಪಟ್ಟಿಯನ್ನು ಎದೆಯೆದುರು ಚಾಚಿ ತಡೆಯುವುದು, ಕೊನೆಗೆ ಸೊಂಟ ತಿರುಗಿಸಿ ಮೆಡಿಸಿನ್ ಬಾಲನ್ನು ಗೋಡೆಗೆ ಎಸೆಯುವುದು. ವಾರಕ್ಕೆ ಎರಡು ಮೂರು ದಿನ ಸಾಕು.

ಹೊತ್ತಿನ ವಿಚಾರವೂ ಇದೆ. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ. ಎದ್ದ ಮೊದಲ ಗಂಟೆ ಬೆನ್ನು ಬಾಗಿಸುವುದು ಹೆಚ್ಚು ಅಪಾಯ. ನಸುಕಿನಲ್ಲೇ ಮೈದಾನಕ್ಕೆ ಬರುವ ಮಕ್ಕಳನ್ನು ಮೊದಲು ನಡೆಸಿ, ಓಡಿಸಿ, ಆಮೇಲೆ ಕಸರತ್ತಿಗೆ ಇಳಿಸಬೇಕು.

ಹದಿಹರೆಯದ ಆಟಗಾರನಿಗೆ ಬೆನ್ನು ಹಿಂದಕ್ಕೆ ಬಾಗಿಸಿದಾಗ ಸೊಂಟದ ಒಂದೇ ಬದಿ ನೋಯುತ್ತ, ವಾರಗಟ್ಟಲೆ ಹೋಗದಿದ್ದರೆ ಅದು ಕೆಳಗಿನ ಮಣಿಯ ಸಣ್ಣ ಬಿರುಕಿರಬಹುದು. ಕ್ರಿಕೆಟ್‌ನ ವೇಗದ ಬೌಲರ್‌ಗಳನ್ನು ಕಾಡುವುದೂ ಇದೇ. ಅದನ್ನು ಸ್ನಾಯುನೋವೆಂದು ಭಾವಿಸಿ ಕಸರತ್ತು ಹೆಚ್ಚಿಸುವುದು ಕ್ರೌರ್ಯ. ವೈದ್ಯರು ನೋಡಿ, ಬಿರುಕು ಖಚಿತವಾದರೆ ಕೋಲು ಕೆಲವು ತಿಂಗಳು ಗೋಡೆಗೆ ಒರಗಿಯೇ ಇರಬೇಕು.