ಹೀದರ್ ಹೂವು ಮೂಸಿದವರು ಯಾರು?

ಬೆಂಗಳೂರಿನಲ್ಲಿ ಈಗ ವಿಸ್ಕಿ ಟೇಸ್ಟಿಂಗಿಗೆ ಟಿಕೆಟ್ ಇದೆ. ಟುಲಿಪ್ ಹೂವಿನಾಕಾರದ ಗ್ಲಾಸು, ಪಕ್ಕದಲ್ಲಿ ಪ್ರಿಂಟ್ ಮಾಡಿದ ಒಂದು ಹಾಳೆ. ಹಾಳೆಯಲ್ಲಿ ಹೀದರ್ ಹೂವು, ಕ್ರಿಸ್‌ಮಸ್ ಕೇಕು, ಮಾರ್ಮಲೇಡು. ಎಲ್ಲರೂ ಗ್ಲಾಸಿಗೆ ಮೂಗಿಟ್ಟು "ಹೌದೌದು, ಹೀದರ್" ಅಂತಾರೆ. ಆ ಟೇಬಲ್ಲಿನಲ್ಲಿ ಹೀದರ್ ಮೂಸಿದವರು ಎಷ್ಟು ಜನ ಮಾರಾಯ್ರೆ? ಅದು ಸ್ಕಾಟ್ಲೆಂಡಿನ ಗುಡ್ಡದ ಕುರುಚಲು ಗಿಡ. ಅಲ್ಲಿಯವರು ಹಾಗೆ ಬರೆದದ್ದು ಸರಿಯೇ, ಅದು ಅವರ ಹಿತ್ತಿಲು.

ನನ್ನ ತಕರಾರು ಸ್ಕಾಚ್ ಮೇಲಲ್ಲ, ಹಾಳೆಯ ಮೇಲೆ. ಟೇಸ್ಟಿಂಗ್ ನೋಟ್ ಅಂದರೆ ಕೋಡಿನ ಜೊತೆ ಬರೆಯುವ ಕಾಮೆಂಟ್ ಇದ್ದ ಹಾಗೆ. ಓದಿದವನಿಗೆ ಏನೂ ಹೊಳೆಯದಿದ್ದರೆ ಬರೆದು ಏನು ಪ್ರಯೋಜನ?

ಲಫ್ರೋಯ್ಗ್ ತಗೊಳ್ಳಿ, ಐಲಾ ದ್ವೀಪದ್ದು. ಮೊಳಕೆ ಬರಿಸಿದ ಬಾರ್ಲಿಯನ್ನು ಪೀಟ್ ಹೊಗೆಯಲ್ಲಿ ಒಣಗಿಸ್ತಾರೆ. ಪೀಟ್ ಅಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಅರೆಕೊಳೆತು ಕೂತ ಗಿಡಗಂಟಿ. ಆ ಹೊಗೆಯ ಫೀನಾಲುಗಳು ಕಾಳಿಗೆ ಅಂಟಿ ಬಾಟಲಿವರೆಗೂ ಬರುತ್ತವೆ. ನಾನು ಜಾಲ್ಸೂರಿನವನು. ನನಗದು ರಬ್ಬರ್ ಶೀಟಿಗೆ ಹೊಗೆ ಹಾಕುವ ಗೂಡಿನ ಬಾಗಿಲು ತೆಗೆದಾಗ ಮುಖಕ್ಕೆ ರಾಚುವ ವಾಸನೆ, ಹಿಂದೆಯೇ ಆಸ್ಪತ್ರೆಯ ಫಿನಾಯಿಲ್. ತಮಾಷೆಯಲ್ಲ, ಫಿನಾಯಿಲಿಗೂ ಪೀಟ್ ಹೊಗೆಗೂ ರಸಾಯನದಲ್ಲೇ ನೆಂಟಸ್ತಿಕೆ ಇದೆ.

ಬರ್ಬನ್ ಪೀಪಾಯಿಯಲ್ಲಿ ಮಾಗಿದ ಸ್ಕಾಚಿನದ್ದು ಇನ್ನೂ ಸುಲಭ. ಆ ಪೀಪಾಯಿ ಅಮೆರಿಕದ ಬಿಳಿ ಓಕ್ ಮರದ್ದು. ಆ ಮರದ ಲ್ಯಾಕ್ಟೋನುಗಳ ವಾಸನೆ ಥೇಟ್ ತೆಂಗಿನಕಾಯಿ. ಹಾಳೆ 'ಕೋಕನಟ್' ಅಂತ ಒಂದೇ ಮಾತಲ್ಲಿ ಮುಗಿಸುತ್ತದೆ. ಹಸಿ ಕಾಯಿತುರಿಯಾ, ಅಟ್ಟದ ಕೊಬ್ಬರಿಯಾ, ಬಿಸಿಯಾದ ತೆಂಗಿನೆಣ್ಣೆಯಾ ಅಂತ ಕಣ್ಣುಮುಚ್ಚಿ ಹೇಳಬಲ್ಲ ನಮ್ಮ ಮೂಗು ಅಲ್ಲಿಗೇ ಯಾಕೆ ನಿಲ್ಲಬೇಕು?

ನಮ್ಮ ಕಡೆಯ ಮೂರ್ತೆದಾರರು ಮೂಸಿಯೇ ಹೇಳ್ತಾರೆ, ಇದು ಬೆಳಗ್ಗಿನ ಕಳ್ಳು, ಇದು ನಿನ್ನೆಯದು, ಇದಕ್ಕೆ ಮಳೆನೀರು ಬಿದ್ದಿದೆ ಅಂತ. ಅವರಿಗೆ ಯಾರೂ ಸರ್ಟಿಫಿಕೇಟ್ ಕೊಟ್ಟಿಲ್ಲ. ಅದೇನೋ, ಕಳ್ಳು ಕುಡಿದವ ಕುಡುಕ, ಸಿಂಗಲ್ ಮಾಲ್ಟ್ ಕುಡಿದವ ರಸಿಕ! ನಾವು ಊರಿನ ಮೂಗನ್ನು ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿಯುವಾಗಲೇ ಕಳಚಿಟ್ಟು, ಆಮೇಲೆ ದುಡ್ಡು ಕೊಟ್ಟು ಬಾಡಿಗೆಗೆ ಇನ್ನೊಂದು ತರುತ್ತೇವೆ.

ಇದನ್ನು ಪರೀಕ್ಷಿಸಲು ಒಳ್ಳೆಯ ಬಾಟಲಿ ಬೆಂಗಳೂರಿನದ್ದೇ ಇದೆ. 1948ರಲ್ಲಿ ಶುರುವಾದ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಇಲ್ಲಲ್ಲ, 2004ರಲ್ಲಿ ಗ್ಲಾಸ್ಗೋದಲ್ಲಿ. ಜಿಮ್ ಮರ್ರೆ ತಮ್ಮ 2010ರ 'ವಿಸ್ಕಿ ಬೈಬಲ್'ನಲ್ಲಿ ಅಮೃತ್ ಫ್ಯೂಷನ್‌ಗೆ ಜಗತ್ತಿನಲ್ಲೇ ಮೂರನೇ ಸ್ಥಾನ ಕೊಟ್ಟರು. ಇಲ್ಲಿನವರು ಅದನ್ನು ಹುಡುಕಿ ಕುಡಿಯಲು ಶುರುಮಾಡಿದ್ದು ಹೆಚ್ಚಾಗಿ ಆಮೇಲೆಯೇ.

ಫ್ಯೂಷನ್‌ನಲ್ಲಿ ನಮ್ಮ ದೇಶದ ಬಾರ್ಲಿಯೂ ಇದೆ, ಸ್ಕಾಟ್ಲೆಂಡಿನ ಪೀಟ್ ಹಾಕಿದ ಬಾರ್ಲಿಯೂ ಇದೆ. ಶೇ 50 ಆಲ್ಕೋಹಾಲ್. ನನ್ನ ನಾಲಿಗೆಗೆ ಮೊದಲು ಓಲೆಬೆಲ್ಲ, ಆಮೇಲೆ ಕಳಿತ ಬಾಳೆಹಣ್ಣು. ಹೊಗೆ ಕೊನೆಗೆ, ಅದೂ ರಬ್ಬರ್ ಗೂಡಿನದ್ದಲ್ಲ, ಹಿಂದಿನ ರಾತ್ರಿ ಉರಿದ ಬಚ್ಚಲೊಲೆಯದ್ದು. ಅದ್ಭುತ. ಆದರೆ ಮೂರನೇ ಸ್ಥಾನ ಅನ್ನುವಷ್ಟು ನಾನು ಹೋಗಲ್ಲ. ಬೆಂಗಳೂರಿನ ಸೆಕೆಗೆ ಪೀಪಾಯಿಯಿಂದ ವರ್ಷಕ್ಕೆ ಶೇ 10ರಷ್ಟು ಆವಿಯಾಗುತ್ತದೆ, ಸ್ಕಾಟ್ಲೆಂಡಿನಲ್ಲಿ ಶೇ 2ರಷ್ಟು. ಅದಕ್ಕೆ 'ದೇವತೆಗಳ ಪಾಲು' ಅಂತ ಹೆಸರು. (ಕೊರಗಜ್ಜನಿಗೆ ಕಳ್ಳು ಇಡುವ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.) ಅದೇ ಸೆಕೆಗೆ ಮರದ ಸತ್ವವೂ ಬೇಗ ಇಳಿಯುತ್ತದೆ, ನಾಲ್ಕೈದು ವರ್ಷದಲ್ಲೇ ಮಾಗುತ್ತದೆ. ಅದರ ಬೆಲೆ ಕೊನೆಯ ಗುಟುಕಿನಲ್ಲಿ ಗೊತ್ತಾಗುತ್ತದೆ, ಎಳೆ ಅಡಿಕೆ ಜಗಿದ ಹಾಗೆ ನಾಲಿಗೆಯ ಅಂಚಿನಲ್ಲಿ ಚೊಗರು. ಹಾಳೆಯಲ್ಲಿ ಇದನ್ನು 'ಓಕ್ ಸ್ಪೈಸ್' ಅಂತ ಹೊಗಳಿರ್ತಾರೆ. ಚೊಗರು ಚೊಗರೇ. ನಾಲ್ಕು ಹನಿ ನೀರು ಹಾಕಿ, ಅರ್ಧ ಇಳಿಯುತ್ತದೆ.