‘ರನ್’ನ ೬೪೫ ಅರ್ಥಗಳು ಮತ್ತು ‘ಹೊಡೆ’ಯ ಲೆಕ್ಕ

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಪರಿಷ್ಕರಣದಲ್ಲಿ ‘ರನ್’ ಕ್ರಿಯಾಪದಕ್ಕೆ ೬೪೫ ಅರ್ಥಗಳನ್ನು ಗುರುತಿಸಲಾಯಿತು. ಬಹುಕಾಲ ಮೊದಲ ಸ್ಥಾನದಲ್ಲಿದ್ದ ‘ಸೆಟ್’ ಹಿಂದೆ ಸರಿಯಿತು. ಈ ಸಂಖ್ಯೆಯನ್ನು ಮುಂದಿಟ್ಟು ಕನ್ನಡ ಕ್ರಿಯಾಪದಗಳ ಅರ್ಥವ್ಯಾಪ್ತಿ ಕಿರಿದೆಂದು ತೀರ್ಮಾನಿಸುವುದನ್ನು ನಾವು ಒಪ್ಪಲಾರೆವು. ‘ರನ್ ಔಟ್’, ‘ರನ್ ಅಪ್’ಗಳಂತಹ ಪದಗುಚ್ಛಗಳಿಗೆ ಆ ನಿಘಂಟಿನಲ್ಲಿ ‘ರನ್’ ನಮೂದಿನೊಳಗೇ ಎಡೆಯಿದೆ. ನಾವು ‘ಗೊರಕೆ ಹೊಡೆ’, ‘ಹರಟೆ ಹೊಡೆ’ಗಳನ್ನು ನಾಮಪದದ ಕೆಳಗೆ ಕೊಟ್ಟರೆ ‘ಹೊಡೆ’ಯ ನಮೂದು ತಾನಾಗಿ ಬಡವಾಗುತ್ತದೆ. ಅದು ನಿಘಂಟುಕಾರರ ವಿಂಗಡಣೆಯ ಫಲವೇ ಹೊರತು ಭಾಷೆಯ ಗುಣವಲ್ಲ.

ಹಾಗೆಂದು ಬಳಕೆಗೊಂದು ಅರ್ಥ ಎಣಿಸುವುದೂ ಸಲ್ಲದು. ಧಾರವಾಡ ಸೀಮೆಯ ರೈತರು ಗಳೆ ಹೊಡೆಯುತ್ತಾರೆ, ಕುಂಟಿ ಹೊಡೆಯುತ್ತಾರೆ, ಬಂಡಿ ಹೊಡೆಯುತ್ತಾರೆ. ‘ಗಳೇನೂ ಕುಂಟೀನೂ ಹೊಡದ’ ಎಂದು ಒಂದೇ ಕ್ರಿಯಾಪದದಲ್ಲಿ ಕೂಡಿಸಿದರೆ ಕಿವಿಗೆ ಅಡ್ಡಿಯಿಲ್ಲ. ಎತ್ತು ಹೂಡಿ ನಡೆಸುವುದೆಂಬ ಒಂದೇ ಅರ್ಥ ಮೂರಕ್ಕೂ ಸಾಕು. ‘ಗಳೇನೂ ಗೊರಕೀನೂ ಹೊಡದ’ ಎಂದರೆ ಮಾತ್ರ ನಗು ಬರುತ್ತದೆ. ಅರ್ಥ ಕವಲೊಡೆದಿರುವುದು ಅಲ್ಲಿ.

‘ಎಣ್ಣಿ ಹೊಡದ’ ಇನ್ನೂ ಸ್ವಾರಸ್ಯದ್ದು. ಬೆಳೆಗೆ ಕೀಟನಾಶಕ ಸಿಂಪಡಿಸಿದ ಎಂದೂ ಆಗಬಹುದು, ಮದ್ಯ ಕುಡಿದ ಎಂದೂ ಆಗಬಹುದು. ‘ಹತ್ತಿಗೆ’ ಎಂಬ ಚತುರ್ಥಿ ರೂಪ ಸೇರಿದೊಡನೆ ಎರಡನೆಯದು ಬಿದ್ದುಹೋಗುತ್ತದೆ. ಈ ಇಬ್ಬಗೆ ‘ಎಣ್ಣಿ’ಯದು ಮಾತ್ರ, ‘ಹೊಡಿ’ಯದಲ್ಲ ಎಂದು ವಾದಿಸಬಹುದು. ನಮಗೆ ಹಾಗೆ ತೋರುವುದಿಲ್ಲ: ‘ಎಣ್ಣಿ’ಯನ್ನು ತೆಗೆದರೂ ‘ಗ್ವಾಡಿಗೆ ಬಣ್ಣ ಹೊಡದ’, ‘ಕ್ವಾರ್ಟರ್ ಹೊಡದ’ ಎಂಬಲ್ಲಿ ಅದೇ ಭೇದ ಉಳಿಯುತ್ತದೆ, ಮೊದಲನೆಯದು ಚತುರ್ಥಿಯನ್ನು ಬೇಡುತ್ತದೆ, ಎರಡನೆಯದು ಬೇಡುವುದಿಲ್ಲ.